ಇಪ್ಪತ್ತೆಂಟು ಕಿಲೋಮೀಟರು

ಇಗ್ನೇಷಿಯಸನ ನೀಲಿ ಕಾರು ಎಂಬತ್ತಮೂರನೇ ಇಸವಿಯದು. ಕೊಲ್ಲಿ ನಾಡಿನ ಹೂರಾದ ಗಲ್ಲಿಯಲ್ಲಿ ಅದು ಬಂದರೆ ಜನ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಿದ್ದರು. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅದರ ಸ್ಪೀಡೋಮೀಟರ್ ನಿಂತುಹೋಯಿತು. ಮುಳ್ಳು ಮಲಗಿದ್ದು ಏಳಲಿಲ್ಲ. ಕೆಳಗೆ, ಓಡಿದ ಕಿಲೋಮೀಟರು ತೋರಿಸುವ ಐದು ಅಂಕಿಗಳು 99972ಕ್ಕೆ ಬಂದು ಕೂತವು.

ಬೇರೆಯವರಾಗಿದ್ದರೆ ಹಾಳಾಗಲಿ ಎನ್ನುತ್ತಿದ್ದರು. ಇಗ್ನೇಷಿಯಸನ ಬದುಕೇ ಆ ಅಂಕಿಗಳಿಗೆ ಜೋತುಬಿದ್ದಿತ್ತು. ಕಾರು ಕೊಂಡ ದಿನ, ಊರಿಗೆ ಮರಳುವುದು ಯಾವಾಗ ಎಂಬ ಜಗಳಕ್ಕೆ ಹೆಂಡತಿ ಮೇಬಲ್ ಒಂದು ತೀರ್ಮಾನ ಕೊಟ್ಟಿದ್ದಳು: "ಇದರ ಮೀಟರ್ ಸುತ್ತು ಮುಗಿಸಿ ಐದೂ ಸೊನ್ನೆ ಆದ ದಿನ ಬಜ್ಪೆಗೆ ವಿಮಾನದ ಟಿಕೆಟ್ ಮಾಡುವ."

ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿ ಮೊಣಕಾಲು ಸವೆಸಿಕೊಂಡ ಇಗ್ನೇಷಿಯಸನಿಗೆ ಊರು ಸೇರಿದರೆ ಸಾಕಾಗಿತ್ತು. ನರ್ಸ್ ಮೇಬಲಳಿಗೆ ಈಗಷ್ಟೇ ವಾರ್ಡಿನ ಯಜಮಾನಿಕೆ ಸಿಕ್ಕಿತ್ತು. ನಾಳೆ, ಭಾನುವಾರ, ಅವಳು ಎರಡು ವರ್ಷದ ಹೊಸ ಕಾಂಟ್ರ್ಯಾಕ್ಟಿಗೆ ಸಹಿ ಹಾಕುವವಳು. ಗ್ಯಾರೇಜಿನವರು ಮೂರು ತಿಂಗಳಿಂದ 'ಬುಕ್ರಾ, ಬುಕ್ರಾ' ಎಂದು ನಾಳೆಯ ನಾಮ ಹಾಕುತ್ತಲೇ ಇದ್ದರು. ಇನ್ನು ನಾಳೆ ಎನ್ನುವಂತಿರಲಿಲ್ಲ.

ಕೆಳಗಿನ ಮನೆಯ ತಾರಾನಾಥ ಏಸಿ ರಿಪೇರಿಯವನು. ಶನಿವಾರ ಬೆಳಿಗ್ಗೆಯೇ ಬಂದು ಮೀಟರನ್ನು ಕಿತ್ತು ಸೀಟಿನ ಮೇಲಿಟ್ಟ. ಎದುರು ಮನೆಯ ಸುಧೀಂದ್ರ ಬೆಂಗಳೂರಿನವನು, ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವವನು. ಅವನೂ ಫೋನ್ ಹಿಡಿದು ಹಾಜರಾದ.

"ಸೆನ್ಸರ್ ಹೋಗಿರತ್ತೆ ಅಂಕಲ್. ರೀಸೆಟ್ ಮಾಡ್ಬಿಡಿ."

"ಇದಕ್ಕೆ ಎಂಥ ಸೆನ್ಸರ್ ಮಾರಾಯ್ರೇ?" ಎಂದ ತಾರಾನಾಥ. "ಗೇರ್‌ಬಾಕ್ಸಿಂದ ಕೇಬಲ್ ಬಂದು ಮೀಟರಿನ ಈ ತೂತಲ್ಲಿ ತಿರುಗ್ಬೇಕು. ಇಲ್ಲಿ ಕೇಬಲ್ಲೇ ಇಲ್ಲ. ತುಂಡಾಗಿ ಒಳಗೆ ಬಿದ್ದಿರ್ಬೇಕು. ಹೊಸದು ತನ್ನಿ."

"ಹಾಳಾದ ಹಿಂದಿನ ರಾತ್ರಿ ನಿಲ್ಲಿಸುವಾಗ ಸರಿ ಇತ್ತಲ್ಲ," ಎಂದ ಇಗ್ನೇಷಿಯಸ್. " ನಿಂತ ಕಾರಲ್ಲಿ ಕೇಬಲ್ ತುಂಡಾಗ್ತದಾ?"

"ವಯಸ್ಸಾದ್ರೆ ನಿದ್ದೆಯಲ್ಲೇ ಹೋಗುವುದುಂಟು."

ಇಗ್ನೇಷಿಯಸನಿಗೆ ತಲೆಬುಡ ತಿಳಿಯಲಿಲ್ಲ. ಟ್ಯಾಕ್ಸಿ ಹಿಡಿದು ಬಿಡಿಭಾಗದ ಅಂಗಡಿಗಳಿರುವ ಸೆಗಯಾಕ್ಕೆ ಹೋದ. ಅಂಗಡಿಯವನು "ಚಲೇಗಾ" ಎಂದು ಕೊಟ್ಟದ್ದು ಮೋಟರ್‌ಸೈಕಲ್ಲಿನ ಕೇಬಲ್. ಫೋಟೋ ಕಳಿಸಿದರೆ ತಾರಾನಾಥ ನಕ್ಕ. ವಾಪಸ್ಸು ಮಾಡಿ ಮೀನಾ ಸಲ್ಮಾನಿಗೆ ಓಡಿದ. ಅಲ್ಲಿಯ ವರ್ಕ್‌ಶಾಪಿನಲ್ಲಿ ಮೊದಲು ಸಿಕ್ಕಿದ್ದು ಲಾರಿಯದು, ಅದನ್ನು ಕಟ್ಟಿ ಬಟ್ಟೆ ಒಣಹಾಕಬಹುದಿತ್ತು. ಸರಿಯಾದದ್ದು ಸಿಕ್ಕಾಗ ಊಟದ ಹೊತ್ತು ಮೀರಿತ್ತು.

ಬೆವರು ಒರೆಸುತ್ತಾ ಬಂದರೆ ಕಾರಿನ ಸುತ್ತ ಕಟ್ಟಡದ ಅರ್ಧ ಜನ. ತಾರಾನಾಥ ಡ್ರಿಲ್ ಮೆಷಿನ್ನನ್ನು ಮೀಟರಿನ ತೂತಿಗೆ ಸಿಕ್ಕಿಸಿ ಗುರ್ರೆನ್ನಿಸುತ್ತಿದ್ದ. ಮುಳ್ಳು ನೂರಮೂವತ್ತರಲ್ಲಿತ್ತು.

"ಮೀಟರಿಗೆ ಜೀವ ಉಂಟಾ ಅಂತ ನೋಡಿದ್ದು. ಎಷ್ಟು ಚಂದ ಓಡ್ತದೆ ನೋಡಿ," ಎಂದ ತಾರಾನಾಥ.

"ನಾನೂ ಹತ್ತು ನಿಮಿಷ ಓಡಿಸ್ದೆ ಅಂಕಲ್," ಎಂದ ಸುಧೀಂದ್ರ.

ಇಗ್ನೇಷಿಯಸ್ ಬಗ್ಗಿ ಅಂಕಿ ನೋಡಿದ. 00003. ಕಾರು ನಿಂತಲ್ಲೇ ಇತ್ತು, ಮೀಟರು ಬಜ್ಪೆ ಮುಟ್ಟಿತ್ತು. ಬೈಯಬೇಕೋ ಅಪ್ಪಿಕೊಳ್ಳಬೇಕೋ ಗೊತ್ತಾಗಲಿಲ್ಲ. ಆಮೇಲೆ ಎದೆ ತುಂಬಿ ಬಂತು. "ಮೇಬಲ್, ಬೇಗ ಬಾ, ಸೊನ್ನೆ ಆಯ್ತು," ಎಂದು ಬಾಲ್ಕನಿಯತ್ತ ಕೂಗಿದ.

ಮೇಬಲ್ ಇಳಿದು ಬಂದಳು. ಕನ್ನಡಕ ಏರಿಸಿ, ರೋಗಿಯ ಚಾರ್ಟ್ ನೋಡುವಂತೆ ನೋಡಿದಳು. "ಓಡಿದ್ದು ಯಾವುದು?"

"ಡ್ರಿಲ್ಲು ಮೇಬಲಕ್ಕ," ಎಂದ ಸತ್ಯವಂತ ತಾರಾನಾಥ.

"ಹಾಗಾದ್ರೆ ಡ್ರಿಲ್ಲಿಗೆ ಟಿಕೆಟ್ ಮಾಡುವ."

"ಮೀಟರ್ ಮೀಟರೇ ಅಲ್ವಾ?" ಇಗ್ನೇಷಿಯಸ್ ತೊದಲಿದ.

"ಹೌದು. ಮೂರೇ ಕಿಲೋಮೀಟರ್ ಅಂತ ಅದೇ ಹೇಳ್ತಾ ಉಂಟಲ್ಲ. ಕಾರು ಓಡಿಸಿ. ಮತ್ತೆ ಐದೂ ಸೊನ್ನೆ ಆಗ್ಲಿ, ನಾನು ಮಾತಿಗೆ ತಪ್ಪುವವಳಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಗ್ನೇಷಿಯಸನಿಗೆ ಅಳುವೇ ಬಂತು. ಅಷ್ಟರಲ್ಲಿ ಹೊಸ ಕೇಬಲ್ ತೂರಿಸಲು ಒಳಗೆ ಕೈಹಾಕಿದ್ದ ತಾರಾನಾಥ ಹಳೆಯದನ್ನು ಹೊರಗೆಳೆದ.

"ಇದು ತುಂಡಾಗ್ಲೇ ಇಲ್ಲ ಮಾರಾಯ್ರೇ. ಯಾರೋ ನಟ್ಟು ಬಿಚ್ಚಿ ಬಿಟ್ಟಿದ್ದಾರೆ."

ಕೇಬಲ್ಲಿನ ತುದಿಗೆ ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆ ಸುತ್ತಿ, ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಬಿಚ್ಚುವಾಗ ಸುಲಭವಾಗಲೆಂದು ಅಂಚನ್ನು ಚೂರು ಮಡಚಿಯೂ ಇತ್ತು. ಇಗ್ನೇಷಿಯಸ್ ಪ್ಲಾಸ್ಟರ್ ನೋಡಿದ, ಹೆಂಡತಿಯ ಮುಖ ನೋಡಿದ.

"ತೆರೆದು ಬಿಟ್ರೆ ದೂಳು ಹೋಗ್ತದೆ," ಎಂದಳು ಮೇಬಲ್, ಮತ್ತು ಮೆಟ್ಟಿಲು ಹತ್ತಿದಳು.

ತಾರಾನಾಥ ಒಂದು ಕೈಯಲ್ಲಿ ಹಳೆಯದು, ಒಂದರಲ್ಲಿ ಹೊಸದು ಹಿಡಿದು ನಿಂತಿದ್ದ. "ಯಾವುದು ಹಾಕ್ಲಿ?"

ಇಗ್ನೇಷಿಯಸ್ ಕಾರಿನ ಬಾಗಿಲಿಗೆ ಒರಗಿ ಮೊಣಕಾಲು ಉಜ್ಜಿಕೊಂಡ.

"ಒಂದು ಲಕ್ಷ ಕಿಲೋಮೀಟರ್ ಬಾಳಿಕೆ ಬರುವುದನ್ನು ಹಾಕು."