ಐದು ನಿಮಿಷದಲ್ಲಿ ಕರ್ನಾಕ್

'ನೈಲ್ ಕಮಲ' ಪ್ರವಾಸ ಕಂಪನಿಯ ಮಾಲೀಕರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ತಂಪು ಬಸ್ಸಿಗೂ, ವಿಶೇಷವಾಗಿ ಆ ಬಸ್ಸಿನ ಹಾರನ್ನಿಗೂ ನನ್ನ ಸಲಾಮುಗಳು. ಈ ಪತ್ರವನ್ನು ತಮ್ಮ ಕಚೇರಿಗೇ ತಂದುಕೊಟ್ಟರೆ "ಐದು ನಿಮಿಷ ಕೂತ್ಕೊಳ್ಳಿ" ಎಂದುಬಿಟ್ಟಾರೆಂಬ ಭಯದಿಂದ ಊರಿನ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾನು ಮೂವತ್ತನಾಲ್ಕು ವರ್ಷ ರೈಲು ನಿಲ್ದಾಣವೊಂದರಲ್ಲಿ, ಯಾವ ರೈಲು ಎಷ್ಟು ತಡ ಎಂದು ಕರಿ ಹಲಗೆಯ ಮೇಲೆ ಬರೆದು ನಿವೃತ್ತನಾದವನು. ತಡವಾಗುವ ವಿದ್ಯೆಯಲ್ಲಿ ನನಗೆ ಯಾರೂ ಹೊಸದಾಗಿ ಕಲಿಸುವುದೇನಿಲ್ಲ ಎಂಬ ಸೊಕ್ಕಿತ್ತು. ಗುರುವಾರ ತಾವು ನಡೆಸಿದ ಒಂದು ದಿನದ ಲಕ್ಸರ್ ದರ್ಶನ ಅದನ್ನು ಇಳಿಸಿತು.

ನನ್ನ ಜೊತೆ ಬಂದಿದ್ದವರು ನನ್ನ ಅಕ್ಕ ಅತಿಯ್ಯಾತ್. ನಮ್ಮ ತಂದೆ ಅಲ್ಲಿನ ಕರ್ನಾಕ್ ದೇವಾಲಯದ ರಿಪೇರಿಯಲ್ಲಿ ಗಾರೆ ಮೆತ್ತುವ ಕೂಲಿಯಾಗಿದ್ದರು. ಅಕ್ಕ ಹುಟ್ಟಿದ ಸುದ್ದಿ ಮುಟ್ಟಿದಾಗ, ಮೇಸ್ತ್ರಿಯ ಕಣ್ಣು ತಪ್ಪಿಸಿ, ಹಸಿ ಗಾರೆಯಲ್ಲಿ ಹೆಬ್ಬೆಟ್ಟು ಒತ್ತಿಬಿಟ್ಟರಂತೆ: ಎಡಗಡೆ ಮೂರನೆಯ ಸಾಲು, ನಾಲ್ಕನೆಯ ಕಂಬ, ಬುಡದಿಂದ ಒಂದು ಮೊಳ ಮೇಲೆ, ಹಿಂಬದಿಯಲ್ಲಿ. "ನೂರ ಮೂವತ್ನಾಲ್ಕು ಕಂಬದಲ್ಲಿ ಒಂದು ನಿಂದು ಮಗಳೇ, ಉಳಿದದ್ದು ರಾಜಂದು" ಎಂದು ಸಾಯುವ ತನಕ ಹೇಳುತ್ತಿದ್ದರು. ಸಾವಿರಾರು ವರ್ಷದಿಂದ ನಿಂತದ್ದು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ನಾವು, ಒಂದು ಗಂಟೆಯ ದಾರಿಯಲ್ಲೇ ಇದ್ದು, ಅರವತ್ತೆಂಟು ವರ್ಷ ಹೋಗಲೇ ಇಲ್ಲ. ಈಗ ಅಕ್ಕನ ಒಂದು ಕಣ್ಣು ಸಕ್ಕರೆ ಕಾಯಿಲೆಗೆ ಹೋಗಿದೆ. ಇನ್ನೊಂದಕ್ಕೆ ಈ ಭಾನುವಾರ ಆಪರೇಷನ್. ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ಅಷ್ಟರೊಳಗೆ ಆ ಗುರುತನ್ನು ಕಣ್ಣಾರೆ ನೋಡಬೇಕೆಂದು ಆಕೆ, ಮಂಡಿನೋವಿಗೆ ಒಗ್ಗುವ ಬಸ್ಸೆಂದು, ತಮ್ಮನ್ನು ನಂಬಿ ಬಂದರು.

ತಮ್ಮ ಮಾರ್ಗದರ್ಶಿ ಹೈಸಮ್ ಅವರು ಐದೂ ಬೆರಳ ತುದಿ ಕೂಡಿಸಿ, ನಮ್ಮಲ್ಲಿ 'ತಾಳಿ' ಎನ್ನುವಾಗ ಮಾಡುವಂತೆ ಕೈಯನ್ನು ಮೇಲೆ ಕೆಳಗೆ ಆಡಿಸಿ, "ಐದೇ ನಿಮಿಷ ಹಜ್ಜಾ ತಾಯಿ, ಆಮೇಲೆ ತಲೆ ಮೇಲೆ ಹೊತ್ಕೊಂಡ್ ಹೋಗಿ ತೋರಿಸ್ತೀನಿ" ಎಂದು ನಮ್ಮನ್ನು ಅಲಬಾಸ್ಟರ್ ಕಲ್ಲಿನ ಅಂಗಡಿಯೊಳಗೆ ಬಿಟ್ಟರು. ಬಾಗಿಲಲ್ಲಿ ಮೂವರು ಕಲ್ಲು ಕೆತ್ತುತ್ತಿದ್ದರು. ನಾವು ಮುಖ ತಿರುಗಿಸಿದೊಡನೆ ಉಳಿ ಕೆಳಗಿಡುತ್ತಿದ್ದರು. ಆ ಐದು ನಿಮಿಷ ಒಂದು ಗಂಟೆ ಐವತ್ತು ನಿಮಿಷ ನಡೆಯಿತು. ಪಪೈರಸ್ ಹಾಳೆಯ ಚಿತ್ರಗಳ ಅಂಗಡಿಯ ಐದು ನಿಮಿಷದಲ್ಲಿ ಊಟದ ಹೊತ್ತು ಮೀರಿತು. ಅತ್ತರಿನ ಅಂಗಡಿಯಲ್ಲಿ ಯಾವುದೋ ರಾಣಿ ಹಚ್ಚಿಕೊಳ್ಳುತ್ತಿದ್ದ ಪರಿಮಳವನ್ನು ನನ್ನ ಮಣಿಕಟ್ಟಿಗೆ ಸವರಿದರು; ಅದಿನ್ನೂ ಹೋಗಿಲ್ಲ. ಅಕ್ಕ ನನ್ನ ಕಿವಿಯಲ್ಲಿ, "ಲೇ ಬಹ್ಜತ್, ನಂಗೆ ಕಣ್ಣು ಕಾಣಲ್ಲ ಅಂತ ಇವ್ನಿಗೆ ಗೊತ್ತಾಗಿರ್ಬೇಕು ಕಣೋ. ಅಂಗಡಿಗಳ್ನೇ ಕರ್ನಾಕ್ ಅಂತ ತೋರಿಸ್ತಿದಾನೆ" ಎಂದರು.

ಕರ್ನಾಕ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹೈಸಮ್ ಅವರು ಮತ್ತೆ ಬೆರಳು ಕೂಡಿಸಿ "ಐದು ನಿಮಿಷ" ಎಂದರು. ಮಾನ್ಯರೇ, ಇಡೀ ದಿನದಲ್ಲಿ ಇದೊಂದನ್ನು ತಮ್ಮ ಕಂಪನಿ ಕರಾರುವಾಕ್ಕಾಗಿ ಪಾಲಿಸಿತು. ಅಕ್ಕ ನನ್ನ ತೋಳು ಹಿಡಿದು ಎರಡನೆಯ ಸಾಲಿಗೆ ಬಂದಿದ್ದರಷ್ಟೆ, ಹಾರನ್ ಕೂಗಿತು. ಬಸ್ಸಿನಲ್ಲಿ ಹಸಿದ ಮಕ್ಕಳಿದ್ದಾರೆಂದು ಆಕೆ ಹಿಂದಿರುಗಿದರು. ನನಗೆ ಅಳು ಬಂತು. ಇದನ್ನು ಬರೆಯಲು ನಾಚಿಕೆಯಿಲ್ಲ.

ಆದರೂ ತಮ್ಮ ಸಾಮರ್ಥ್ಯವನ್ನು ಮೆಚ್ಚಲೇಬೇಕು. ಹಿಂದಿನ ರಾಜರು ಪಿರಮಿಡ್ಡಿನ ಗುತ್ತಿಗೆಯನ್ನು ತಮಗೆ ಕೊಟ್ಟಿದ್ದರೆ, ಅದರ ಮೊದಲ ಕಲ್ಲು ಇನ್ನೂ ದೋಣಿಯಲ್ಲೇ ಇದ್ದು, ಪಕ್ಕದ ಅಂಗಡಿ ಮಾತ್ರ ಅಂದೇ ಬಾಗಿಲು ತೆರೆದಿರುತ್ತಿತ್ತು. ಆದ್ದರಿಂದ ವಿನಂತಿಸುವುದೇನೆಂದರೆ, ದಯವಿಟ್ಟು ಆ ನಾಲ್ಕನೆಯ ಕಂಬವನ್ನು ಕಿತ್ತು ಅಲಬಾಸ್ಟರ್ ಅಂಗಡಿಯೊಳಗೆ ನಿಲ್ಲಿಸಿ. ಅಲ್ಲಿ ನಮಗೆ ಬೇಕಾದಷ್ಟು ಸಮಯವಿರುತ್ತದೆ. ಅದು ಕಷ್ಟವಾದರೆ ಭಾನುವಾರದ ಎದುರು ನಿಂತು, ಬೆರಳು ಕೂಡಿಸಿ, ಅದನ್ನು ತಮ್ಮ ಅಳತೆಯ ಐದು ನಿಮಿಷ ತಡೆದು ನಿಲ್ಲಿಸಿ. ಅಷ್ಟರಲ್ಲಿ ಅಕ್ಕ ಇಡೀ ಈಜಿಪ್ಟನ್ನೇ ನೋಡಿ ಮುಗಿಸಿಯಾರು.

ಇನ್ನೂ ಅತ್ತರು ನಾರುತ್ತಿರುವ,
ತಮ್ಮ ವಿಶ್ವಾಸಿ,
ಬಹ್ಜತ್ ಅಬುಲ್ ವಫಾ

ತಾ.ಕ.: ಪತ್ರಿಕೆಗೆ ಕೊಡುವ ಮುಂಚೆ, ಇಂದು ಶನಿವಾರ, ನಾವಿಬ್ಬರೇ ರೈಲಿನಲ್ಲಿ ಹೋಗಿಬಂದೆವು. ರೈಲು ಐವತ್ತು ನಿಮಿಷ ತಡ; ಹಳೆಯ ಅಭ್ಯಾಸದಿಂದ ಸಂತೋಷವೇ ಆಯಿತು. ಗುರುತು ಅಪ್ಪ ಹೇಳಿದಲ್ಲೇ ಇತ್ತು. ಅಕ್ಕ ನೆಲದ ಮೇಲೆ ಕೂತು, ಮುಖವನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ತನ್ನ ಹೆಬ್ಬೆಟ್ಟನ್ನು ಅದರೊಳಗಿಟ್ಟರು. ಅಪ್ಪನದು ದೊಡ್ಡದು, ಸುತ್ತ ಜಾಗ ಉಳಿಯಿತು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲುಗಾರ ಬಂದಾಗ ಆಕೆ ತಿರುಗದೆಯೇ ಇನ್ನೊಂದು ಕೈಯ ಬೆರಳು ಕೂಡಿಸಿ, "ಐದೇ ನಿಮಿಷ ಮಗನೇ" ಎಂದರು. ಅವನು ಹೋಗಿ ಚಹಾ ತಂದ. ಎಷ್ಟು ಹೊತ್ತಾಯಿತೋ, ಜೀವನದಲ್ಲಿ ಮೊದಲ ಸಲ ನಾನು ಗಡಿಯಾರ ನೋಡಲಿಲ್ಲ. ಆದ್ದರಿಂದ ನನ್ನ ದೂರನ್ನು ತಿದ್ದಿಕೊಳ್ಳುತ್ತೇನೆ: ತಮ್ಮ ಐದು ನಿಮಿಷದ ಅಳತೆ ಸರಿಯಾಗಿಯೇ ಇದೆ, ಅದನ್ನು ಅಂಗಡಿಯಲ್ಲಿ ಬಿಚ್ಚಿ, ಕಂಬದ ಬಳಿ ಮಡಚಿಟ್ಟದ್ದಷ್ಟೇ ತಪ್ಪು.