ತುಳಿಯಬಾರದ ಕ್ಲಚ್ಚು

ಬಿಡಿಭಾಗ ಕಂಪನಿಯ ವಾರಂಟಿ ನಿಯಮಾವಳಿಯ ಪ್ರಕಾರ ಪ್ರತಿಯೊಂದು ಕ್ಲಚ್ ಪ್ಲೇಟೂ ಹುಟ್ಟುವಾಗ ನಿರ್ದೋಷಿ. ಆಮೇಲೆ ಅದರಲ್ಲಿ ಕಾಣಿಸಿಕೊಳ್ಳುವ ಸಕಲ ದೋಷಗಳೂ ಸಹವಾಸದಿಂದ ಬಂದಂಥವು. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದು ಹಿರಿಯರು ಹೇಳಿದ್ದನ್ನು ಕಂಪನಿ ಒಂದು ಉಪನಿಯಮವಾಗಿ ಅಳವಡಿಸಿಕೊಂಡಿತ್ತು, ಅಷ್ಟೇ.

ಡ್ರೈವಿಂಗ್ ಟೀಚರಮ್ಮನಿಗೆ ಈ ವಿಷಯ ಗೊತ್ತಿರಲಿಲ್ಲ. ಆಕೆಯ ಶಾಲೆ ಎಂದರೆ ಮುಂದೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದೇ ಒಂದು ಕಾರು. ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಆ ಕಾರಿನಲ್ಲಿ ಕೂತು ಆಕೆಯ ಕೈಲಿ ಬೈಸಿಕೊಂಡವರೇ. ಕಲಿಯುವವರು ಕ್ಲಚ್ಚಿನ ಮೇಲಿಟ್ಟ ಕಾಲನ್ನು ಸುಲಭಕ್ಕೆ ತೆಗೆಯುವುದಿಲ್ಲ. ಕಷ್ಟಕಾಲದಲ್ಲಿ ದೇವರನ್ನು ನಂಬಿದ ಹಾಗೆ ಅದನ್ನೇ ನಂಬಿಕೊಂಡಿರುತ್ತಾರೆ. ಹೀಗಾಗಿ ಹಳೆಯ ಪ್ಲೇಟು ಸವೆದು ಹೋದಾಗ ಆಕೆಯ ತಮ್ಮ ಹೊಸದೊಂದನ್ನು ತಂದು ಕೂರಿಸಿಕೊಟ್ಟ. ಬೀದಿ ಮೂಲೆಯ ಗ್ಯಾರೇಜು ಅವನದು. ಅದಕ್ಕೆ ಬೋರ್ಡಿಲ್ಲ, ಬಾಗಿಲೂ ಇಲ್ಲ. ಊರವರು ಅವನನ್ನು ಕರಿಕೈ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ಹೊಸ ಪ್ಲೇಟು ಹೊಸದಾಗಿರುವಾಗಲೇ ಮುರಿಯಿತು.

"ನನ್ನ ಕೈ ತಪ್ಪಲ್ಲ ಅಕ್ಕಾ," ಎಂದ ತಮ್ಮ, ಬಿಚ್ಚಿ ತೆಗೆದ ಪ್ಲೇಟನ್ನು ಬೆಳಕಿಗೆ ಹಿಡಿದು. "ಮಾಲೇ ಸರಿಯಿಲ್ಲ. ಸ್ಪ್ರಿಂಗ್ ನೋಡು, ಬಿಸ್ಕತ್ತಿನ ಹಾಗೆ ಮುರಿದಿದೆ. ವಾರಂಟಿ ಇದೆ, ಬದಲಿ ಕೊಡ್ತಾರೆ."

"ಕೊಡದೆ ಇದ್ರೆ?"

"ಕೊಡದೆ ಎಲ್ಲಿ ಹೋಗ್ತಾರೆ? ಡಬ್ಬಿ ಮೇಲೇ ಬರೆದಿದ್ದಾರಲ್ಲ."

ಟೀಚರಮ್ಮನಿಗೆ ಅವಸರವಿತ್ತು. ಲೈಸೆನ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ಈ ಸಲದ ತಂಡವನ್ನು ತನ್ನದೇ ಕಾರಿನಲ್ಲಿ ಪರೀಕ್ಷೆಗೆ ಕೂರಿಸದಿದ್ದರೆ ಶಾಲೆಯ ಅನುಮತಿ ರದ್ದು ಎಂದು ಇಲಾಖೆ ತಿಳಿಸಿತ್ತು. ಇನ್ನೊಂದು ಕಾರು ಕೊಳ್ಳುವ ಶಕ್ತಿ ಆಕೆಗಿರಲಿಲ್ಲ. ಇನ್ನೊಂದು ಕಸುಬು ಕಲಿಯುವ ವಯಸ್ಸು ದಾಟಿತ್ತು. ಮುರಿದ ಪ್ಲೇಟನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಬಸ್ಸು ಹತ್ತಿ ಕಂಪನಿಯ ಕಚೇರಿಗೆ ಹೋದಳು.

ಕಚೇರಿ ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ಗಾಜಿನ ಪೆಟ್ಟಿಗೆಯೊಳಗೆ, ಮಖಮಲ್ಲಿನ ಮೇಲೆ, ಒಂದು ಕ್ಲಚ್ ಪ್ಲೇಟು ದೀಪದ ಬೆಳಕಿನಲ್ಲಿ ಹೊಳೆಯುತ್ತ ಮಲಗಿತ್ತು. ಅದರ ಹಿಂದೆ ವಾರಂಟಿ ಸಾಹೇಬರು ಕೂತಿದ್ದರು. ತುಂಬ ಮೃದು ಸ್ವಭಾವದವರು. ಮುರಿದ ಪ್ಲೇಟನ್ನು ಕೈಗವಸು ಹಾಕಿಕೊಂಡೇ ಮುಟ್ಟಿದರು.

"ಇದರ ಮೇಲೆ ಸವೆತ ಇದೆ ಅಮ್ಮಾ. ನೀವು ಇದನ್ನ ಬಳಸಿದ್ದೀರಿ."

"ಬಳಸೋಕೆ ತಾನೇ ಸ್ವಾಮಿ ತಂದಿದ್ದು?"

"ಎಲ್ಲರೂ ಹಾಗೇ ಹೇಳ್ತಾರೆ," ಎಂದರು ಸಾಹೇಬರು, ಬೇಸರ ಮಾಡಿಕೊಳ್ಳದೆ. "ಕೂರಿಸಿದ್ದು ಯಾರು?"

"ನನ್ನ ತಮ್ಮ."

"ಅಧಿಕೃತ ತಮ್ಮನೋ?"

"ಒಡಹುಟ್ಟಿದವನು."

"ಅದು ಸಾಲದು. ಬಿಚ್ಚಿದ್ದು?"

"ಅವನೇ. ಬಿಚ್ಚದೆ ಮುರಿದದ್ದು ಹೇಗೆ ಗೊತ್ತಾಗಬೇಕು?"

ಸಾಹೇಬರು ನಿಟ್ಟುಸಿರಿಟ್ಟರು. ಕೆಟ್ಟ ಬಿಡಿಭಾಗವನ್ನು ಕೆಟ್ಟ ಸ್ಥಳದಲ್ಲೇ, ಕೆಟ್ಟ ಸ್ಥಿತಿಯಲ್ಲೇ, ಬಿಚ್ಚದೆ ಪರೀಕ್ಷಿಸತಕ್ಕದ್ದು ಎಂಬುದು ನಿಯಮ. ಆದ್ದರಿಂದ ಮುರಿದ ಪ್ಲೇಟನ್ನು ಹೇಗಿತ್ತೋ ಹಾಗೆ ಮತ್ತೆ ಕೂರಿಸಬೇಕು, ಕಾರನ್ನು ಅಲುಗಿಸಬಾರದು, ಅಧಿಕೃತ ಗ್ಯಾರೇಜಿನವರು ಬಂದು ಅದರ ಹೊರಗಡೆ ನಿಂತು ನೋಡಿ ವರದಿ ಕೊಡಬೇಕು.

"ವಾರಂಟಿ ಮನೆ ಹಾಳಾಯ್ತು. ದುಡ್ಡು ಕೊಡ್ತೀನಿ, ಇನ್ನೊಂದು ಪ್ಲೇಟು ಕೊಡಿ," ಎಂದಳು ಟೀಚರಮ್ಮ.

"ವಿವಾದ ಇರೋ ಗಾಡಿಗೆ ಮಾರೋ ಹಾಗಿಲ್ಲ. ನಿಮ್ಮ ಗಾಡಿಯ ಮಾಲು ಬೇರೆ ಯಾರೂ ಮಾಡೋದೂ ಇಲ್ಲ," ಎಂದ ಸಾಹೇಬರು ಎದ್ದು ನಿಂತು ಕೈಮುಗಿದು ಬೀಳ್ಕೊಟ್ಟರು. ಅಂಥ ಸಜ್ಜನರನ್ನು ಬೈಯುವುದಕ್ಕೆ ಆಕೆಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಬಂತು, ಆದರೆ ಎದುರಿಗಿದ್ದವನು ಕಂಡಕ್ಟರು.

ಸುತ್ತಮುತ್ತ ಅಧಿಕೃತ ಗ್ಯಾರೇಜು ಇರಲಿಲ್ಲ. "ಹಾಗಾದ್ರೆ ನಾನೇ ಅಧಿಕೃತ ಆಗ್ತೀನಿ ಬಿಡು ಅಕ್ಕಾ," ಎಂದ ತಮ್ಮ. ಅರ್ಹತೆಗಳನ್ನು ಕಂಪನಿ ಸ್ಪಷ್ಟವಾಗಿ ಪ್ರಕಟಿಸಿತ್ತು. ಗ್ರಾಹಕರಿಗೆ ಸೋಫಾ ಇರತಕ್ಕದ್ದು. ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳತಕ್ಕದ್ದು. ಮೀನಿನ ತೊಟ್ಟಿಯಲ್ಲಿ ಮೀನು ಜೀವಂತವಾಗಿರತಕ್ಕದ್ದು. ಗ್ರೀಸಿನ ವಾಸನೆ ಬರಕೂಡದು. ಸ್ಪ್ಯಾನರು, ಸುತ್ತಿಗೆ ಮೊದಲಾದ ಅಶುಭ ವಸ್ತುಗಳು ಗ್ರಾಹಕರ ಕಣ್ಣಿಗೆ ಬೀಳಕೂಡದು. ರಿಪೇರಿ ಬರಬೇಕೆಂದು ಎಲ್ಲೂ ಹೇಳಿರಲಿಲ್ಲ, ಬರಬಾರದೆಂದೂ ಹೇಳಿರಲಿಲ್ಲ. ಆ ವಿಷಯದಲ್ಲಿ ಕಂಪನಿ ಉದಾರವಾಗಿತ್ತು.

ತಮ್ಮ ತನ್ನ ಮನೆಯ ಪತ್ರ ಅಡವಿಟ್ಟು ಸೋಫಾ ತಂದ.

ಇತ್ತ ಶೆಡ್ಡಿನಲ್ಲಿ, ಮುರಿದ ಪ್ಲೇಟನ್ನೇ ಮತ್ತೆ ಕೂರಿಸಿಕೊಂಡ ಕಾರು ಅಲುಗದೆ ನಿಂತಿತ್ತು, ಕಲಿಯುವವರು ಮಾತ್ರ ಬರುತ್ತಲೇ ಇದ್ದರು. ಅವರನ್ನು ಸುಮ್ಮನೆ ಕೂರಿಸುವುದು ಹೇಗೆಂದು ಟೀಚರಮ್ಮ ನಿಂತ ಕಾರಿನಲ್ಲೇ ಪಾಠ ಶುರು ಮಾಡಿದಳು. ಕ್ಲಚ್ಚನ್ನು ಮುಟ್ಟದೆ, ಅದರ ಮೇಲೆ ಗಾಳಿಯಲ್ಲೇ ಕಾಲು ಆಡಿಸುವುದು. ಎದುರಿನ ತಗಡನ್ನೇ ಹೆದ್ದಾರಿ ಎಂದುಕೊಳ್ಳುವುದು. ಎಂಜಿನ್ನಿನ ಸದ್ದನ್ನು ಬಾಯಲ್ಲೇ ಮಾಡುವುದು. ತಂಡದಲ್ಲಿ ಬ್ಯಾಂಕಿನ ನಿವೃತ್ತ ಕ್ಯಾಷಿಯರೊಬ್ಬರಿದ್ದರು. ರಸ್ತೆಗಿಳಿದರೆ ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿದ್ದ ಅದೇ ಮನುಷ್ಯ ಶೆಡ್ಡಿನಲ್ಲಿ ಅರಳಿಬಿಟ್ಟರು.

"ಮೂರನೇ ಗೇರಿಗೆ ಬಂದೆ ಮೇಡಂ."

"ಬಂದ್ರಿ ಸರಿ, ಮುಂದೆ ಲಾರಿ ಇದೆ. ನಿಧಾನ."

"ನೋಡಿದೆ. ಹಾರ್ನ್ ಮಾಡಿದ್ರೂ ಜಾಗ ಬಿಡ್ತಿಲ್ಲ ಕಳ್ಳ."

ಟೀಚರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಲಾರಿಯವನಿಗೆ ಎರಡು ಮಾತು ಬೈದಳು. ಮನಸ್ಸು ಎಷ್ಟೋ ಹಗುರಾಯಿತು.

ಮೀನು ಬದುಕಿದ್ದುದರಿಂದ ತಮ್ಮನಿಗೆ ಮಾನ್ಯತೆ ಸಿಕ್ಕಿತು. ಟೀಚರಮ್ಮ ಗ್ಯಾರೇಜಿಗೆ ಓಡಿದಳು. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ತಮ್ಮ ಬಿಳಿ ಅಂಗಿಯಲ್ಲಿ ಕೂತಿದ್ದ. ಕೈಗಳು ಎಷ್ಟು ಬೆಳ್ಳಗಾಗಿದ್ದವೆಂದರೆ ಕರಿಕೈ ಎಂದು ಕರೆದವನೇ ಸುಳ್ಳುಗಾರನಾಗಬೇಕು.

"ಕೂತ್ಕೊಳ್ಳಿ ಮೇಡಂ."

"ಯಾರೋ ಮೇಡಂ? ನಿನ್ನ ಸಿಂಬಳ ಒರೆಸಿದವಳು ನಾನು."

"ಅಧಿಕೃತ ವೇಳೆಯಲ್ಲಿ ಎಲ್ಲರೂ ಮೇಡಮ್ಮೇ ಅಕ್ಕಾ. ಕೂತ್ಕೋ, ಸೋಫಾ ಮೇಲೆ ಯಾರೂ ಕೂತಿಲ್ಲ ಇನ್ನೂ."

ಅವನು ಶೆಡ್ಡಿಗೆ ಬಂದ, ಕಾರಿನ ಹೊರಗೆ ಕೈಕಟ್ಟಿ ನಿಂತ, ನೋಡಿದ. ಆಮೇಲೆ ವರದಿ ಓದಿ ಹೇಳಿದ: "ಸದರಿ ಪ್ಲೇಟನ್ನು ಯಾವನೋ ಒಬ್ಬ ಅನಧಿಕೃತ ವ್ಯಕ್ತಿ ಕೂರಿಸಿರುತ್ತಾನೆ. ಕೆಲಸ ಚೊಕ್ಕವಾಗಿದ್ದರೂ, ಮಾಡಿದವನು ಅನಧಿಕೃತನಾದ ಕಾರಣ ಅದನ್ನು ಕಳಪೆ ಎಂದೇ ಭಾವಿಸತಕ್ಕದ್ದು."

"ಯಾವನೋ ಒಬ್ಬನಾ? ನೀನೇ ಅಲ್ವೇನೋ?"

"ಆಗಿನ ನಾನು. ಅವನ ಕೆಲಸಕ್ಕೆ ಈಗಿನ ನಾನು ಹೊಣೆ ಅಲ್ಲ. ಅವನು ತಪ್ಪೊಪ್ಪಿಗೆ ಕೊಟ್ಟರೆ ಕಂಪನಿ ದಯೆ ತೋರಿಸಬಹುದು ಅಂತಾರೆ."

"ಕೊಡ್ತಾನಾ?"

"ಸ್ವಲ್ಪ ಹಠಮಾರಿ. ಮಾತಾಡಿ ನೋಡ್ತೀನಿ."

ಮಾತಾಡಿದ. ಅವನು ಒಪ್ಪಿದ. ವಾರಂಟಿ ಸಾಹೇಬರ ಸಮಕ್ಷಮ ಆಗಿನ ತಮ್ಮ ಈಗಿನ ತಮ್ಮನ ಕ್ಷಮೆ ಕೇಳಿದ, ಈಗಿನ ತಮ್ಮ ದೊಡ್ಡ ಮನಸ್ಸು ಮಾಡಿ ಆಗಿನ ತಮ್ಮನನ್ನು ಕ್ಷಮಿಸಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ಸೌಹಾರ್ದದ ಇತ್ಯರ್ಥವನ್ನು ಅವರು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲವಂತೆ.

ಕಂಪನಿ ಹೊಸ ಪ್ಲೇಟು ಕೊಟ್ಟಿತು. ತಮ್ಮ ಅಧಿಕೃತವಾಗಿ ಕೂರಿಸಿದ. ಕೂರಿಸಿ ಆದಮೇಲೆ ಕ್ಲಚ್ ಪೆಡಲಿನ ಮೇಲೆ ಅರಗಿನ ಮುದ್ರೆ ಒತ್ತಿದ.

"ಇದೇನೋ ಇದು?"

"ಆಜೀವ ವಾರಂಟಿ ಅಕ್ಕಾ. ಪ್ಲೇಟು ಇರೋ ತನಕ ಇರುತ್ತೆ. ಷರತ್ತು ಒಂದೇ. ಕ್ಲಚ್ ತುಳೀಬಾರದು. ತುಳಿದರೆ ಪ್ಲೇಟು ಸವೆಯುತ್ತೆ, ಸವೆದರೆ ಅದು ಬಳಕೆ, ಬಳಕೆ ಅಂದ್ರೆ ದುರ್ಬಳಕೆಯ ಮೊದಲನೇ ಹಂತ."

"ವಾರಂಟಿ ಹೋದ್ರೆ ಹೋಗ್ಲಿ. ನಾನು ತುಳಿಯೋಳೇ," ಎಂದು ಟೀಚರಮ್ಮ ಸೀಟಿನಲ್ಲಿ ಕೂತು ಕಾಲೆತ್ತಿದಳು.

ತಮ್ಮ ಶೆಡ್ಡಿನ ನೆಲದ ಮೇಲೆ, ಬಿಳಿ ಅಂಗಿಯಲ್ಲೇ, ಕುಸಿದು ಕೂತ. "ತುಳಿ. ಮುದ್ರೆ ಒಡೆದರೆ ನನ್ನ ಮಾನ್ಯತೆ ಹೋಗುತ್ತೆ. ಮನೆ ಪತ್ರ ಸೋಫಾದವನ ಹತ್ತಿರ ಇದೆ. ಸ್ಪ್ಯಾನರೆಲ್ಲ ಮಾರಿ ಮೀನು ತಂದಿದ್ದೀನಿ. ನಿನ್ನ ಸೊಸೆಯಂದಿರನ್ನ ಎಲ್ಲಿ ಮಲಗಿಸಲಿ, ಹೇಳು."

ಆಕೆ ಎತ್ತಿದ ಕಾಲನ್ನು ಕೆಳಗಿಟ್ಟಳು. ಪೆಡಲಿನ ಮೇಲಲ್ಲ, ನೆಲದ ಮೇಲೆ.

ಪರೀಕ್ಷೆಯ ದಿನ ಇಲಾಖೆಯ ಪರೀಕ್ಷಕರು ಶೆಡ್ಡಿಗೇ ಬಂದರು. ಕಾರು ಮೈದಾನಕ್ಕೆ ಬರಲಾರದು ಎಂದು ಟೀಚರಮ್ಮ ಮೊದಲೇ ಹೇಳಿ ಕಳಿಸಿದ್ದಳು, ಶಾಲೆಯ ಬೀಗದ ಕೈಯನ್ನೂ ಒಪ್ಪಿಸುವುದಕ್ಕೆ ಸಿದ್ಧವಾಗಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಪರೀಕ್ಷಕರು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡು, "ಹೊರಡಿ," ಎಂದರು.

ಕ್ಯಾಷಿಯರು ಹೊರಟರು. ಕನ್ನಡಿ ನೋಡಿದರು, ಗಾಳಿಯಲ್ಲಿ ಕ್ಲಚ್ಚು ಒತ್ತಿದರು, ಬಾಯಲ್ಲಿ ಗೇರು ಬದಲಿಸಿದರು, ದಾರಿಹೋಕರಿಗೆ ಜಾಗ ಬಿಟ್ಟರು. ಪರೀಕ್ಷಕರು ಎಲ್ಲವನ್ನೂ ಗಮನಿಸಿದರು. ಕಂಬಕ್ಕೆ ತಾಗಲಿಲ್ಲ. ಗೆರೆ ದಾಟಲಿಲ್ಲ. ಏರಿನಲ್ಲಿ ಗಾಡಿ ಒಂದಿಂಚೂ ಹಿಂದೆ ಜಾರಲಿಲ್ಲ.

"ಇಷ್ಟು ಸುರಕ್ಷಿತವಾಗಿ ಓಡಿಸಿದವರನ್ನ ನಾನು ನೋಡಿಲ್ಲ," ಎಂದರು ಇಳಿಯುತ್ತ.

ಟೀಚರಮ್ಮನಿಗೆ ಸುಳ್ಳಾಡಿ ಅಭ್ಯಾಸವಿರಲಿಲ್ಲ. "ಗಾಡಿ ಓಡಲೇ ಇಲ್ಲವಲ್ಲ ಸಾರ್."

"ಅತಿ ವೇಗವಾಗಿ ಓಡಿಸಬಾರದು ಅಂತ ನಿಯಮ ಇದೆ ಅಮ್ಮಾ. ಓಡಿಸಲೇಬೇಕು ಅಂತ ಎಲ್ಲಿದೆ, ತೋರಿಸಿ."

ತಂಡದವರೆಲ್ಲ ಪಾಸಾದರು. ಅನುಮತಿ ಉಳಿಯಿತಷ್ಟೇ ಅಲ್ಲ, ಒಂದೂ ಅಪಘಾತವಿಲ್ಲದ ಮಾದರಿ ಶಾಲೆ ಎಂಬ ಫಲಕವೂ ಬಂತು. ಮಿಕ್ಕ ಶಾಲೆಗಳು ಹಿಂದೆ ಬೀಳಬಾರದೆಂದು ತಮ್ಮ ಕಾರುಗಳ ಕ್ಲಚ್ಚಿಗೂ ಅರಗು ಹಾಕಿಸಿಕೊಂಡವು. ಹೊಸ ಕಾರು ಕೊಂಡವರೂ ವಾರಂಟಿ ಉಳಿಸಿಕೊಳ್ಳುವ ಜಾಣತನ ಕಲಿತರು. ತಮ್ಮನ ಸೋಫಾದ ಮೇಲೆ ಜಾಗ ಸಾಲದಾಯಿತು. ಜನ ಕಾರಿಗೆ ಏನೂ ಆಗಿಲ್ಲವೆಂದು ಹೇಳಿಸಿಕೊಂಡು ಹೋಗಲು ಬರುತ್ತಿದ್ದರು.

ಒಂದು ಸಂಜೆ ಟೀಚರಮ್ಮ ತರಕಾರಿ ಚೀಲ ಹಿಡಿದು ಮನೆಗೆ ನಡೆಯುತ್ತಿದ್ದಳು. ಬೀದಿಯುದ್ದಕ್ಕೂ ಮನೆಮನೆಯ ಮುಂದೆ ಸಂಸಾರ ಸಮೇತ ಜನ ತಮ್ಮ ನಿಂತ ಕಾರುಗಳಲ್ಲಿ ಕೂತು, ಬಾಯಲ್ಲೇ ಎಂಜಿನ್ನಿನ ಸದ್ದು ಮಾಡುತ್ತ ಸುತ್ತಾಟಕ್ಕೆ ಹೊರಟಿದ್ದರು. ಕ್ಯಾಷಿಯರೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ಕಾರಿನ ಸ್ಟೇರಿಂಗನ್ನು ಬಲಕ್ಕೆ ತಿರುಗಿಸುತ್ತಿದ್ದರು. ಟೀಚರಮ್ಮ ಹತ್ತಿರ ಹೋಗಿ ಗಾಜು ತಟ್ಟಿದಳು.

"ಏನು ಸಾರ್, ಇಂಡಿಕೇಟರ್ ಹಾಕದೆ ತಿರುಗಿಸ್ತಾ ಇದ್ದೀರಲ್ಲ? ಹಿಂದೆ ಬರೋರು ಮನುಷ್ಯರಲ್ವಾ?"

ಕ್ಯಾಷಿಯರು ನಾಲಿಗೆ ಕಚ್ಚಿಕೊಂಡು ಇಂಡಿಕೇಟರ್ ಹಾಕಿದರು. ಅವರು ಪೂರ್ತಿ ತಿರುಗಿಸಿಕೊಂಡು ಹೋಗುವ ತನಕ ಟೀಚರಮ್ಮ ಬದಿಯಲ್ಲಿ ನಿಂತು ಕಾದಳು. ಆಮೇಲೆ ಎಡಬಲ ನೋಡಿ ರಸ್ತೆ ದಾಟಿದಳು.