ನಂಜುಂಡ ಪೈಪು ಬದಲಾಯಿಸಿದ ಪ್ರಸಂಗ

ಇಂಗ್ಲಿಷ್ ಬಲ್ಲವನೆಂದು ಒಂದು ಸಲ ಹೆಸರು ಬಿದ್ದರೆ ಮನುಷ್ಯನಿಗೆ ಮತ್ತೆ ಬಿಡುಗಡೆಯಿಲ್ಲ. ನಾನು ನಿವೃತ್ತಿಯಾಗುವವರೆಗೂ ವಿಜಯನಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಆ ಪಾಠ ನಡೆಯುತ್ತಿದ್ದುದು ಕನ್ನಡದಲ್ಲಿ ಎಂಬುದು ನನಗೂ ನನ್ನ ವಿದ್ಯಾರ್ಥಿಗಳಿಗೂ ಮಾತ್ರ ಗೊತ್ತಿದ್ದ ಸಂಗತಿ. ಬಸವೇಶ್ವರನಗರದ ನಮ್ಮ ಬೀದಿಯವರಂತೂ ಇಂಗ್ಲಿಷ್ ಕಂಡರೆ ಸಾಕು, ಎತ್ತಿಕೊಂಡು ನನ್ನ ಬಳಿ ಬರುತ್ತಾರೆ. ಮಿಕ್ಸಿಯ ಗ್ಯಾರಂಟಿ ಕಾರ್ಡು, ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ಇರುವೆಯಕ್ಷರದ ಕಾಗದ, ಬ್ಯಾಂಕಿನ ಪತ್ರ, ಎಲ್ಲವನ್ನೂ ಓದಿ ಹೇಳಿದ್ದೇನೆ. ಕಾಗದದ ಮೇಲಿನ ಇಂಗ್ಲಿಷಿಗೆ ನಾನು ಹೆದರುವುದಿಲ್ಲ. ಅದು ನಿಂತಲ್ಲಿ ನಿಂತಿರುತ್ತದೆ, ತಿರುಗಿ ನೋಡಿದರೂ ಅಲ್ಲೇ ಇರುತ್ತದೆ. ಆದರೆ ದೊರೆಗಳ ಮೂಗಿನಲ್ಲಿ ಹೊರಟು ಹಲ್ಲಿನ ಸಂದಿಯಲ್ಲಿ ಸೋರಿಹೋಗುವ ಇಂಗ್ಲಿಷ್ ಇದೆಯಲ್ಲ, ಅದು ನನ್ನ ಪಾಲಿಗೆ ಹಕ್ಕಿಗಳ ಕಲರವ. ಕೇಳಲು ಚೆನ್ನ, ಅರ್ಥವಾಗಬೇಕೆಂಬ ಆಸೆ ಇಟ್ಟುಕೊಳ್ಳಬಾರದು.

ನಮ್ಮ ನಿವಾಸಿಗಳ ಸಂಘದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಹಿರಿಯರಿಗಾಗಿ ಸಿನಿಮಾ ತೋರಿಸುವ ಪದ್ಧತಿ ಶುರುವಾಗಿತ್ತು. ಕನ್ನಡ ಚಿತ್ರ ಹಾಕಿದರೆ ಜಗಳ. ಒಬ್ಬರಿಗೆ ಬೇಕಾದ ನಾಯಕ ಇನ್ನೊಬ್ಬರಿಗೆ ಆಗುವುದಿಲ್ಲ. ಒಂದು ಭಾನುವಾರ ಈ ಜಗಳದಲ್ಲಿ ಪಡ್ಡು ತಣ್ಣಗಾಗಿ, ಚಟ್ನಿ ಹುಳಿಬಂದು, ಕೊನೆಗೆ ಯಾವ ಚಿತ್ರವನ್ನೂ ನೋಡದೆ ಎಲ್ಲರೂ ಮನೆಗೆ ಹೋಗಿದ್ದೆವು. ಸಂಘದ ಅಧ್ಯಕ್ಷರು ರುದ್ರಪ್ಪನವರು. ಗದಗಿನ ಕಡೆಯವರು, ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ಶಿಸ್ತಿನ ಮನುಷ್ಯ. ಅವರು ಮುಂದಿನ ವಾರ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. "ಯಾರೂ ತಂಟೆ ತಗೀಲಾರದಂಥಾ ಚಿತ್ರಾ ತಂದೇನ್ರಿ. ಇಂಗ್ಲಿಷ್ ಐತಿ. ಮಹಾಯುದ್ಧ ಮುಗಿದ ಮ್ಯಾಲಿಂದು. ಸಮುದ್ರದಾಗ ಮುಳುಗಿದ ನಿಧಿ ಹುಡಕತಾರಂತ. ಮಾಸ್ತರು ಅದಾರಲ್ಲ, ಅರ್ಥಾ ಹೇಳತಾರ," ಎಂದು ನನ್ನ ಕಡೆ ಕೈ ತೋರಿಸಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಅತ್ತೆ ಕಮಲಮ್ಮನವರು ಹೆಮ್ಮೆಯಿಂದ ಹಿಂದೆ ತಿರುಗಿ ಎಲ್ಲರನ್ನೂ ಒಮ್ಮೆ ನೋಡಿದರು. ಆ ನೋಟ ಬಿದ್ದ ಮೇಲೆ ನನಗೆ ಬರುವುದಿಲ್ಲ ಎನ್ನುವ ಧೈರ್ಯ ಯಾವ ಅಳಿಯನಿಗಿದೆ?

ಹೆಸರು ಬರುವ ಹೊತ್ತಿಗೆ ಕರೆಂಟು ಹೋಗಿ ಬಂದದ್ದರಿಂದ ಚಿತ್ರದ ಹೆಸರೇನೆಂದು ನಮಗೆ ಇಂದಿಗೂ ತಿಳಿಯದು. ಕರೆಂಟು ಬಂದಾಗ ಉದ್ದನೆಯ ಕೋಟು ಹಾಕಿದ ಎತ್ತರದ ಗಂಡಸೊಬ್ಬ ಬಂದರಿನ ಹೋಟೆಲಿನಲ್ಲಿ ಕುಳಿತು ಒಬ್ಬ ದಪ್ಪಗಿನವನೊಡನೆ ಮಾತಾಡುತ್ತಿದ್ದ. ಮಾತಾಡಿದ, ಮಾತಾಡಿದ, ಮುಗಿಯಲೇ ಇಲ್ಲ. ಅಷ್ಟರಲ್ಲಿ ನನ್ನ ಕಿವಿಗೆ ಗಟ್ಟಿಯಾಗಿ ಸಿಕ್ಕಿದ್ದು 'ಶಿಪ್' ಎಂಬ ಒಂದೇ ಪದ.

"ಏನಂದ್ನಂತ್ರೀ ಮಾಸ್ತರ?" ಎಂದರು ರುದ್ರಪ್ಪನವರು.

"ಹಡಗು ಮುಳುಗಿದೆ ಅಂದ," ಎಂದೆ.

"ಅಷ್ಟು ಹೊತ್ತು ಬಾಯಿ ಬಡ್ಕೊಂಡಿದ್ದು ಇಷ್ಟಕ್ಕೇನಾ?" ಎಂದರು ಅತ್ತೆ.

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಳತೆ ಹೊಂದುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಹಿಗ್ಗಿಸಿದೆ. ಇಬ್ಬರೂ ಯುದ್ಧಕ್ಕೆ ಹೋಗಿ ಬಂದ ಗೆಳೆಯರು, ಕೈಯಲ್ಲಿ ಕೆಲಸವಿಲ್ಲ, ದಪ್ಪಗಿನವನ ಹೆಂಡತಿ ತುಂಬಿದ ಬಸುರಿ, ನಿಧಿ ಸಿಕ್ಕರೆ ಬಾಣಂತನಕ್ಕೆ ಆದೀತು ಎನ್ನುತ್ತಿದ್ದಾನೆ ಎಂದೆ. ಹಾಲಿನ ತುಂಬ ಮರುಕದ ನಿಟ್ಟುಸಿರು ಹರಿದಾಡಿತು. ದೊರೆಗಳ ಹೆಸರು ನೆನಪಿರುವುದಿಲ್ಲವೆಂದು ಮುದುಕರು ಗೊಣಗಿದ್ದಕ್ಕೆ ಅತ್ತೆಯೇ ದಾರಿ ತೋರಿಸಿದರು. "ಆ ಗುಂಡಗಿರೋನು ನಮ್ಮ ಅಡುಗೆ ನಂಜುಂಡನ ಥರಾನೇ ಇದಾನೆ ನೋಡಿ. ಅದೇ ಕೆನ್ನೆ, ಅದೇ ಹೊಟ್ಟೆ. ನಂಜುಂಡ ಅಂತಾನೇ ಅನ್ನಿ." ಅಡುಗೆ ನಂಜುಂಡ ನಮ್ಮ ಬೀದಿಯ ಮದುವೆ ಮುಂಜಿಗಳಿಗೆಲ್ಲ ಬೇಳೆ ಹುಳಿ ಕುದಿಸಿದ ಪುಣ್ಯಾತ್ಮ. ಅವನ ಹೆಸರು ಇಟ್ಟ ಗಳಿಗೆಯಿಂದ ಆ ದಪ್ಪಗಿನವನು ನಮ್ಮವನಾಗಿಬಿಟ್ಟ. ಎತ್ತರದವನು ನಾಗರಾಜನಾದ. ಬಿಳಿ ಟೋಪಿ ಹಾಕಿಕೊಂಡು ದೋಣಿ ಹತ್ತಿದ ಹೆಂಗಸು ಸರೋಜ. ಅವಳು ಯಾರು ಎಂದು ಕೇಳಿದಾಗ, ತೊಂದರೆ ಬೇಡವೆಂದು, ನಾಗರಾಜನ ತಂಗಿ ಎಂದೆ.

ಸ್ವಲ್ಪ ಹೊತ್ತಿನಲ್ಲಿ ನಾಗರಾಜ ಸರೋಜಳನ್ನು ಬರಸೆಳೆದು ಮುತ್ತಿಟ್ಟ. ಅದೂ ಅವಸರದ ಮುತ್ತಲ್ಲ, ಹಿನ್ನೆಲೆಯಲ್ಲಿ ಪಿಟೀಲು ಬಾರಿಸಿಕೊಂಡು ಇಟ್ಟ ಮುತ್ತು. ಹಾಲಿನಲ್ಲಿ ಚಕ್ಕುಲಿ ಕಡಿಯುವ ಸದ್ದೂ ನಿಂತಿತು. ನನ್ನ ಹೆಂಡತಿ ವಸುಧಾ, "ರೀ, ತಂಗಿ ಅಂದ್ರಲ್ಲ?" ಎಂದು ಮೆಲ್ಲಗೆ ಕೇಳಿದಳು. ಆ ಮೆಲ್ಲನೆಯ ದನಿ ಗೋಡೆಗೆಲ್ಲ ಕೇಳಿಸಿತು.

"ಅಲ್ಲವಂತೆ," ಎಂದೆ. ಗಂಟಲು ಒಣಗಿತ್ತು. "ಈಗ ತಾನೇ ಗೊತ್ತಾಯ್ತಂತೆ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲು ಆಗಿದ್ವಂತೆ."

"ನಾನು ಆವಾಗಲೇ ಅಂದ್ಕೊಂಡೆ," ಎಂದರು ಅತ್ತೆ ನಿರಾಳವಾಗಿ. "ಇಬ್ಬರ ಮೂಗೂ ಒಂದೇ ಥರ ಇರಲಿಲ್ಲ."

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾಗರಾಜ ಕೊಳಗದಂಥ ಹಿತ್ತಾಳೆಯ ಟೋಪಿಯನ್ನು ತಲೆಗೆ ತಿರುಪಿಸಿಕೊಂಡು ಸಮುದ್ರಕ್ಕಿಳಿದ. ಮೇಲೆ ದೋಣಿಯಲ್ಲಿ ನಂಜುಂಡ ಗಾಳಿ ಪಂಪು ಒತ್ತುತ್ತಿದ್ದ. ಉದ್ದನೆಯ ಪೈಪಿನಲ್ಲಿ ಗಾಳಿ ಕೆಳಗೆ ಹೋಗಬೇಕು. ಒಂದು ಹೊತ್ತಿನಲ್ಲಿ ನಂಜುಂಡ ಒತ್ತುವುದನ್ನು ನಿಲ್ಲಿಸಿದ. ಅತ್ತ ಇತ್ತ ನೋಡಿದ. ಸೊಂಟದಿಂದ ಚಾಕು ತೆಗೆದ. ಆ ಪೈಪನ್ನು ಕೊಯ್ಯತೊಡಗಿದ.

ಇಷ್ಟು ಹೊತ್ತಿನಿಂದ ನಾನು ನಂಜುಂಡನನ್ನು ಬಸುರಿ ಹೆಂಡತಿಯ ಗಂಡನಾಗಿ, ಸ್ನೇಹಿತನಿಗಾಗಿ ಪ್ರಾಣ ಕೊಡುವವನಾಗಿ ಬೆಳೆಸಿದ್ದೆ. ಅವನು ಖಳನೆಂದು ನನಗೆ ಆಗಲೇ ಗೊತ್ತಾದದ್ದು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದರು. ಆ ಮುಖಕ್ಕೆ ನಿಜ ಹೇಳಲಾಗಲಿಲ್ಲ. "ಹಳೇ ಪೈಪು ಲೀಕ್ ಆಗ್ತಾ ಇದೆ ಅತ್ತೆ. ಹೊಸದು ಹಾಕ್ತಿದಾನೆ," ಎಂದುಬಿಟ್ಟೆ. "ಪಾಪ, ಎಷ್ಟು ಜವಾಬ್ದಾರಿ!" ಎಂದು ಯಾರೋ ಹಿಂದಿನಿಂದ ಕೊಂಡಾಡಿದರು.

ಕೆಳಗೆ ನಾಗರಾಜ ಉಸಿರು ಕಟ್ಟಿ ಒದ್ದಾಡಿ, ಹೇಗೋ ಮೇಲೆ ಬಂದು, ಟೋಪಿ ಕಿತ್ತೆಸೆದು, ನಂಜುಂಡನ ದವಡೆಗೆ ಎಂಥ ಏಟು ಕೊಟ್ಟನೆಂದರೆ ಅವನು ದೋಣಿ ದಾಟಿ ಸಮುದ್ರಕ್ಕೆ ಬಿದ್ದ. ಅಲ್ಲಿ ಕಾದಿದ್ದ ಒಂದು ಶಾರ್ಕು ಉಳಿದದ್ದನ್ನು ನೋಡಿಕೊಂಡಿತು. ಆಮೇಲೆ ನಿಧಿಯ ಪೆಟ್ಟಿಗೆ ಮೇಲೆ ಬಂತು. ಸಮವಸ್ತ್ರದ ಕೆಲವರು ಬಂದು ಅದನ್ನು ಹೊತ್ತುಕೊಂಡು ಹೋದರು. ಅವರು ಮದುವೆಯ ಬ್ಯಾಂಡಿನವರು, ಪೆಟ್ಟಿಗೆಯನ್ನು ಲಾಕರಿಗೆ ಸಾಗಿಸುತ್ತಿದ್ದಾರೆ ಎಂದು ಹೇಳಿದೆನಾದರೂ ಕೇಳುವ ಮನಃಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾಗರಾಜನೂ ಸರೋಜಳೂ ಮತ್ತೊಮ್ಮೆ ಪಿಟೀಲಿನೊಡನೆ ಮುತ್ತಿಟ್ಟುಕೊಂಡು ಚಿತ್ರ ಮುಗಿಯುವಾಗ ಅರ್ಧ ಹಾಲು ಕಣ್ಣೊರೆಸಿಕೊಳ್ಳುತ್ತಿತ್ತು.

"ಪೈಪು ಸರಿ ಮಾಡ್ತಿದ್ದೋನನ್ನ ಕೊಂದು, ಮದುವೆ ಬೇರೆ ಆಗ್ತಾನಾ ಪಾಪಿ!" ಎಂದು ಅತ್ತೆ ಎದ್ದು ನಿಂತರು. "ಆ ಬಸುರಿಯ ಗತಿ ಏನು? ನಿಧಿಯಲ್ಲಿ ಅರ್ಧ ಅವಳಿಗೆ ಸೇರಬೇಕು!"

ರುದ್ರಪ್ಪನವರೂ ಎದ್ದು ನಿಂತರು. "ಹಂಗ ಬರಂಗಿಲ್ಲ ತಾಯಿ. ಕೆಳಗ ಮನಷ್ಯಾ ಇದ್ದಾನ, ಮ್ಯಾಲೆ ಪೈಪ್ ಬಿಚ್ಚತಾನಂದ್ರ ಹೆಂಗ? ಲೈನ್ ಮ್ಯಾಲೆ ಗಾಡಿ ನಿಂತಾಗ ಯಾರರ ಹಳಿ ಬಿಚ್ಚತಾರೇನು? ಮೊದಲ ಹೇಳಬೇಕಿತ್ತು. ತಪ್ಪು ನಂಜುಂಡಂದ."

ಅಂದಿನಿಂದ ನಮ್ಮ ಬಡಾವಣೆಯಲ್ಲಿ ಎರಡು ಪಕ್ಷಗಳಾದವು. ಬೆಳಗಿನ ಹೊತ್ತು ಪಾರ್ಕಿನಲ್ಲಿ ನಂಜುಂಡನ ಕಡೆಯವರು ಬಲದಿಂದ ಸುತ್ತಿದರೆ ನಾಗರಾಜನ ಕಡೆಯವರು ಎಡದಿಂದ ಸುತ್ತುತ್ತಿದ್ದರು. ಪ್ರತಿ ಸುತ್ತಿನಲ್ಲೂ ಎದುರುಬದುರಾಗಿ ಮುಖ ತಿರುಗಿಸಿಕೊಳ್ಳಬೇಕಾಗಿದ್ದರಿಂದ ಹಲವರಿಗೆ ಕುತ್ತಿಗೆ ಹಿಡಿಯಿತು. ನಮ್ಮ ಬೀದಿಗೆ ನೀರು ಸರಿಯಾಗಿ ಬರುತ್ತಿರಲಿಲ್ಲ, ಎಲ್ಲರೂ ಸೇರಿ ಒಂದು ಅರ್ಜಿ ಕೊಡಬೇಕಿತ್ತು. ಅರ್ಜಿಯಲ್ಲಿ 'ಪೈಪನ್ನು ಬದಲಾಯಿಸಿಕೊಡಬೇಕು' ಎಂಬ ಸಾಲು ಬಂದದ್ದೇ ತಡ, ಮೊದಲೇ ತಿಳಿಸಿ ಬದಲಾಯಿಸಬೇಕು ಎಂದು ಸೇರಿಸದೆ ರುಜು ಹಾಕುವುದಿಲ್ಲವೆಂದು ರುದ್ರಪ್ಪನವರು ಹಟ ಹಿಡಿದರು. ಅದು ನಂಜುಂಡನಿಗೆ ಮಾಡುವ ಅವಮಾನವೆಂದು ಅವನ ಕಡೆಯವರು ಕೂಗಾಡಿದರು. ಬೇಸಗೆ ಏರುತ್ತಿತ್ತು. ಸಂಪು ತಳ ಕಾಣುತ್ತಿತ್ತು. ಅರ್ಜಿ ಮೇಜಿನ ಮೇಲೇ ಇತ್ತು.

ನಮ್ಮ ಮನೆಯಲ್ಲಿ ಇನ್ನೂ ಕಷ್ಟ. ವಸುಧಾ ನಾಗರಾಜನ ಪಕ್ಷ ಸೇರಿದ್ದಳು, ಪ್ರೀತಿಗೆ ಜಯವಾಗಬೇಕೆಂಬುದು ಅವಳ ವಾದ. ತಾಯಿ ಮಗಳಲ್ಲಿ ಮಾತು ನಿಂತುಹೋಗಿ, ಒಂದೇ ಮೇಜಿನಲ್ಲಿ ಎದುರುಬದುರು ಕುಳಿತು, "ಹುಳಿಗೆ ಉಪ್ಪು ಸಾಲದು ಅಂತ ಹೇಳಿ," "ಬೇಕಾದ್ರೆ ಹಾಕ್ಕೊಳ್ಳೋಕೆ ಹೇಳಿ," ಎಂದು ನನ್ನ ಮೂಲಕ ವ್ಯವಹರಿಸುತ್ತಿದ್ದರು. ಅತ್ತೆ ಕೆಂಗೇರಿಯ ಕಿರಿಮಗಳ ಮನೆಗೆ ಹೊರಟುಬಿಡುತ್ತೇನೆಂದು ಚೀಲವನ್ನೂ ಹೊರಗೆ ತೆಗೆದಿಟ್ಟರು. ಒಂದು ದಿನ ನಾನು ಆ ನಾದಿನಿಯ ಮನೆಗೇ, ತಾಯಿಗೂ ಅಕ್ಕನಿಗೂ ರಾಜಿ ಮಾಡಿಸೆಂದು ಕೇಳಲು, ಮೆಟ್ರೋದಲ್ಲಿ ಹೋಗುತ್ತಿದ್ದಾಗ ಅತ್ತೆಯ ಫೋನು ಬಂತು. ಹಿಂದೆ ಗಂಟೆಯ ಸದ್ದು ಕೇಳಿಸುತ್ತಿತ್ತು.

"ದೇವಸ್ಥಾನದಲ್ಲಿದೀನಿ. ನಂಜುಂಡನ ಹೆಂಡತಿಗೆ ಸುಖಪ್ರಸವ ಆಗಲಿ ಅಂತ ಅರ್ಚನೆ ಮಾಡಿಸ್ತಾ ಇದೀನಿ. ಅವರದು ಯಾವ ಗೋತ್ರ?"

"ಕಾಶ್ಯಪ," ಎಂದೆ. ಬೋಗಿಯ ಗದ್ದಲದಲ್ಲಿ ಅವರಿಗೆ ಕೇಳಿಸದೆ, ಮತ್ತೆ ಮತ್ತೆ "ಕಾಶ್ಯಪ! ಕಾಶ್ಯಪ!" ಎಂದು ಕೂಗಬೇಕಾಯಿತು. ಪಕ್ಕದ ಸೀಟಿನ ತರುಣ ಎದ್ದು ದೂರ ಹೋಗಿ ನಿಂತ.

"ಅವಳ ಹೆಸರು?"

"ಗಿರಿಜಾ."

"ಈಗ ಎಷ್ಟು ತಿಂಗಳು?"

ಮಹಾಯುದ್ಧ ಮುಗಿದ ಹೊಸತರ ಚಿತ್ರವದು. ಆ ಮಗು ಹುಟ್ಟಿದ್ದರೆ ಇಷ್ಟು ಹೊತ್ತಿಗೆ ನನಗಿಂತ ದೊಡ್ಡದಾಗಿ, ಮಂಡಿ ನೋವೆಂದು ಎಣ್ಣೆ ತಿಕ್ಕಿಕೊಂಡು ಕುಳಿತಿರುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು, "ದಿನ ತುಂಬಿದೆ ಅತ್ತೆ," ಎಂಬ ಮಾತು. ಸಂಜೆ ಅವರು ಪ್ರಸಾದ ತಂದು ಕೊಟ್ಟಾಗ ನನಗೆ ನುಂಗಲಾಗಲಿಲ್ಲ. ವಸುಧಾಳನ್ನು ಪಕ್ಕಕ್ಕೆ ಕರೆದು, ನನಗೆ ಆ ಚಿತ್ರದ ಒಂದು ಮಾತೂ ಅರ್ಥವಾಗಿರಲಿಲ್ಲ ಕಣೇ, ಎಲ್ಲ ಕಟ್ಟಿ ಹೇಳಿದ್ದು ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಸುಮ್ನಿರಿ. ಅಮ್ಮಂಗೂ ನಂಗೂ ರಾಜಿ ಮಾಡಿಸೋಕೆ ಸುಳ್ಳು ಹೇಳ್ಬೇಡಿ. ಅವರಿಬ್ಬರೂ ಅಣ್ಣ ತಂಗಿ ಅಲ್ಲ ಅಂತ ಗೊತ್ತಾದಾಗ ನಿಮ್ಮ ಗಂಟಲು ಕಟ್ಟಿತ್ತು. ಅಂಥಾದ್ದನ್ನ ಯಾರಿಗಾದ್ರೂ ಕಟ್ಟಿ ಹೇಳೋಕಾಗುತ್ತಾ?"

ಇತ್ತ ರುದ್ರಪ್ಪನವರು ಒಂದು ತೀರ್ಮಾನಕ್ಕೆ ಬಂದರು. ಚಿತ್ರವನ್ನು ಇನ್ನೊಮ್ಮೆ ಹಾಕುವುದು, ಈ ಸಲ ಅವರ ಮಗಳು ಶೋಭಾ ಅರ್ಥ ಹೇಳುವುದು. ಶೋಭಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ಇಂಗ್ಲಿಷಿನಲ್ಲೇ ಕಲಿಸುವವಳು. ಆ ವಾರವಿಡೀ ನಾನು ಬೇರೆ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಗುತ್ತದೆಯೇ ಎಂದು ಯೋಚಿಸುತ್ತಿದ್ದೆ. ಹೇರೋಹಳ್ಳಿಯ ಕಡೆ ರಸ್ತೆ ಎಷ್ಟು ಕೆಟ್ಟಿದೆಯೆಂದರೆ ಅಲ್ಲಿಗೆ ಯಾರೂ ಹುಡುಕಿಕೊಂಡು ಬರಲಾರರು ಎಂಬ ಸಮಾಧಾನವೂ ಒಮ್ಮೆ ಹೊಳೆಯಿತು.

ಭಾನುವಾರ ಹಾಲು ಕಿಕ್ಕಿರಿದಿತ್ತು. ನಡುವೆ ದಾರಿ ಬಿಟ್ಟುಕೊಂಡು ಎರಡೂ ಪಕ್ಷದವರು ಕುಳಿತಿದ್ದರು. ನಾನು ಬಾಗಿಲ ಹತ್ತಿರ, ಚಪ್ಪಲಿ ಕಳಚದೆ ಕುಳಿತೆ. ಶೋಭಾ ಸ್ಪಷ್ಟವಾದ ದನಿಯಲ್ಲಿ ಶುರು ಮಾಡಿದಳು. "ಹೋಟೆಲಿನಲ್ಲಿ ಕೂತಿರೋ ದಪ್ಪಗಿನವನು ಯುದ್ಧದಲ್ಲಿ ಶತ್ರುಗಳ ಗೂಢಚಾರ ಆಗಿದ್ದ. ಆ ಹಡಗು ಮುಳುಗಿಸಿದ್ದೂ ಅವನೇ. ಅವನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ."

ಹಾಲಿನಲ್ಲಿ ಗುಜುಗುಜು ಎದ್ದಿತು. "ಹೆಂಡತಿ ಇಲ್ವಾ? ಹಾಗಾದ್ರೆ ಗಿರಿಜಾ?" ಎಂದರು ಅತ್ತೆ.

"ಗಿರಿಜಾ ಯಾರು ಆಂಟಿ?" ಎಂದಳು ಶೋಭಾ.

ಆ ಪ್ರಶ್ನೆಯೊಂದಿಗೆ ಅವಳ ಮೇಲಿನ ವಿಶ್ವಾಸ ಹೊರಟುಹೋಯಿತು. ಗಿರಿಜೆಯನ್ನೇ ಅರಿಯದವಳು ಅರ್ಥ ಹೇಳುವುದೇನು! ಆದರೂ ಅವಳು ಬಿಡದೆ ಮುಂದುವರಿಸಿದಳು. ಸರೋಜ ಹಡಗಿನ ಕಂಪನಿ ಕಳುಹಿಸಿದ ಪತ್ತೇದಾರಿಣಿಯಂತೆ; ಆಸ್ಪತ್ರೆ, ಅದಲುಬದಲು ಏನೂ ಇಲ್ಲ. ಇದಕ್ಕೆ ನಾಗರಾಜನ ಪಕ್ಷವೂ ಕೆರಳಿತು. ಕೊನೆಯಲ್ಲಿ ನಿಧಿಯನ್ನು ಸರ್ಕಾರಕ್ಕೆ ಒಪ್ಪಿಸುತ್ತಾರೆಂದು ಅವಳು ಮೊದಲೇ ಹೇಳಿಬಿಟ್ಟಾಗ ಸ್ವತಃ ರುದ್ರಪ್ಪನವರು ಎದ್ದು, "ಅಷ್ಟು ಒದ್ದಾಡಿ ತಗದಿದ್ದು ಸರ್ಕಾರಕ್ಕ ಕೊಡತಾರಾ? ಏನರ ಒಂದ್ ಹೇಳಬ್ಯಾಡವಾ ಶೋಭಾ," ಎಂದು ಮಗಳನ್ನು ಗದರಿಸಿದರು. ಅತ್ತೆ, "ನೀವು ಹೇಳಿದ್ದು ಸರಿ ರುದ್ರಪ್ಪನವರೇ," ಎಂದರು. ವಾರಗಳ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಅದು. ವಸುಧಾ ದಾರಿ ದಾಟಿ ಬಂದು ತಾಯಿಯ ಪಕ್ಕ ಕುಳಿತಳು.

ಅಷ್ಟರಲ್ಲಿ ಪರದೆಯ ಮೇಲೆ ಚಾಕು ಹೊರಗೆ ಬಂತು. "ನೋಡಿ, ಈಗ ಗಾಳಿ ಪೈಪು ಕೊಯ್ದು ಸ್ನೇಹಿತನನ್ನ ಸಾಯಿಸೋಕೆ ಹೊರಟಿದಾನೆ," ಎಂದಳು ಶೋಭಾ.

ನನಗೆ ಏನಾಯಿತೋ ತಿಳಿಯದು. ಚಪ್ಪಲಿ ಹಾಕಿದ್ದ ಕಾಲಿನಲ್ಲೇ ಎದ್ದು ನಿಂತೆ. "ಇಲ್ಲಮ್ಮಾ!" ಎಂದು ಕೂಗಿದೆ. "ತಿಳಿಯದೆ ಮಾತಾಡಬೇಡ. ನಂಜುಂಡ ಅಂಥವನಲ್ಲ. ಹಳೇ ಪೈಪು ಲೀಕ್ ಆಗ್ತಾ ಇತ್ತು!"

ಹಾಲಿನಲ್ಲಿ ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ಶೋಭಾ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಮೈಕನ್ನು ಮೇಜಿನ ಮೇಲಿಟ್ಟು ಕುಳಿತಳು. ನೀರಿನ ಅರ್ಜಿಗೆ ಅಲ್ಲಿಯೇ ಎಲ್ಲರ ರುಜುವೂ ಬಿತ್ತು. ಮನೆಗೆ ನಡೆದುಬರುವಾಗ ಅತ್ತೆ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ನನ್ನನ್ನೂ ಹಿಡಿದುಕೊಂಡಿದ್ದರು. "ಪಾಪ, ಆ ಹುಡುಗಿ ಮೇಲೆ ಕೋಪ ಮಾಡ್ಕೋಬೇಡಿ. ಕಾಲೇಜಲ್ಲಿ ಪಾಠ ಮಾಡಿದ ಮಾತ್ರಕ್ಕೆ ಎಲ್ಲರಿಗೂ ಇಂಗ್ಲಿಷ್ ಬರುತ್ತಾ?" ಎಂದರು. ಹೌದು ಎಂದು ನಾನು ಗಂಭೀರವಾಗಿ ತಲೆಯಾಡಿಸಿದೆ. ಸೌಜನ್ಯಕ್ಕಾಗಿ ಆಡಿಸಿದ್ದಲ್ಲ. ಆ ಹುಡುಗಿಯ ಇಂಗ್ಲಿಷಿನ ಬಗ್ಗೆ ನನಗೆ ನಿಜವಾಗಿಯೂ ವ್ಯಥೆಯಾಗಿತ್ತು.